ಮೊದಲ ರೈಫಲ್ ಯಾವುದು ತಗೊಳ್ಳಲಿ? ಗುರಿಗೂ ಮನೆಗೂ ಒಂದೇ ಸಾಕಾ?

ಪ್ರಶ್ನೆ: ನಾನು ಇದುವರೆಗೆ ಬಂದೂಕು ಹಿಡಿದವನಲ್ಲ. ಈಗ ಮೊದಲ ರೈಫಲ್ ಕೊಳ್ಳಬೇಕು ಅಂತಿದ್ದೇನೆ. ವಾರಕ್ಕೊಮ್ಮೆ ರೇಂಜ್‌ಗೆ ಹೋಗಿ ಗುರಿ ಹೊಡೆಯುವ ಆಸೆ, ಜೊತೆಗೆ ಮನೆಯ ರಕ್ಷಣೆಗೂ ಆಗಲಿ ಅಂತ. ಸ್ನೇಹಿತರು .308 (ದೊಡ್ಡ ತೋಟಾದ ರೈಫಲ್) ತಗೋ, ಒಂದೇ ಈಡಿಗೆ ಕೆಲಸ ಮುಗೀಬೇಕು ಅಂತಾರೆ. ಅಂಗಡಿಯವರು ದೊಡ್ಡ ಸ್ಕೋಪ್ (ಗುರಿ ನೋಡುವ ದುರ್ಬೀನು) ಇರುವುದನ್ನು ತೋರಿಸಿದರು. ಮನೆಯಲ್ಲಿ ಹೆಂಡತಿ, 12 ಮತ್ತು 7 ವರ್ಷದ ಇಬ್ಬರು ಮಕ್ಕಳು. ಚಿಕ್ಕವನು ಈಗಲೇ "ನಾನೂ ಮುಟ್ಟಬಹುದಾ" ಅಂತ ಕೇಳ್ತಿದ್ದಾನೆ. ಏನು ಮಾಡಲಿ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. .22 (ಸಣ್ಣ ತೋಟಾದ) ಬೋಲ್ಟ್ ಆಕ್ಷನ್ ರೈಫಲ್ ತಗೊಳ್ಳಿ, ಅಂದ್ರೆ ಪ್ರತಿ ಈಡಿಗೂ ಕೈಯಿಂದಲೇ ತೋಟಾ ಒಳಗೆ ತಳ್ಳುವಂಥದ್ದು. .308 ಈಗ ಬೇಡ. ಮನೆ ರಕ್ಷಣೆಯ ಮಾತನ್ನು ಈ ಖರೀದಿಯಿಂದ ಸದ್ಯಕ್ಕೆ ಬೇರೆ ಇಡಿ. ನೀವು ಕೇಳಿದ್ದು ಒಂದೇ ಪ್ರಶ್ನೆಯ ಹಾಗೆ ಕಂಡರೂ ಅದರಲ್ಲಿ ಎರಡಿವೆ, ಒಂದಕ್ಕೆ ಒಪ್ಪುವ ರೈಫಲ್ ಇನ್ನೊಂದಕ್ಕೆ ಒಪ್ಪುವುದಿಲ್ಲ, ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗುರಿ ಹೊಡೆಯಲು ರೈಫಲ್ ಕೊಂಚ ಭಾರವಾಗಿಯೇ ಇರಬೇಕು, ಭಾರ ಇದ್ದಷ್ಟೂ ಕೈಯಲ್ಲಿ ಅಲುಗಾಡುವುದು ಕಡಿಮೆ. ಟ್ರಿಗರ್ ಹಗುರವಾಗಿರಬೇಕು. ನಿಧಾನಕ್ಕೆ ಉಸಿರು ಬಿಟ್ಟು, ಗುರಿ ನೋಡಿ, ಒಂದೊಂದೇ ಈಡು ಹೊಡೆಯುವ ಕೆಲಸ ಅದು. ಮನೆಯೊಳಗೆ ಇದೆಲ್ಲ ತಿರುಗುಮುರುಗು. ಬಾಗಿಲು, ಮೂಲೆ, ಮೆಟ್ಟಿಲು ಇರುವ ಜಾಗದಲ್ಲಿ ಉದ್ದದ ನಳಿಗೆ ಅಡ್ಡ ಬರುತ್ತದೆ. ಐದಾರು ಮೀಟರ್ ದೂರಕ್ಕೆ ದೊಡ್ಡ ಸ್ಕೋಪ್‌ನಲ್ಲಿ ನೋಡಿದರೆ ಮಬ್ಬು ಬಿಟ್ಟು ಬೇರೇನೂ ಕಾಣುವುದಿಲ್ಲ. ಅಂಗಡಿಯವರು ತೋರಿಸಿದ ರೈಫಲ್ 300 ಮೀಟರ್ ಆಚೆಯ ಗುರಿಗೆ ಒಳ್ಳೆಯದೇ ಇರಬಹುದು. ನಿಮ್ಮ ಎರಡು ಕೆಲಸಗಳಲ್ಲಿ ಒಂದಕ್ಕೂ ಅದು ಸರಿಯಲ್ಲ.

ಈಗ .308 ಯಾಕೆ ಬೇಡ ಅನ್ನುವುದು. ಅದು 1952ರಲ್ಲಿ ಬಂದ ತೋಟಾ, ಅದರ ಮೇಲೆ ನನಗೇನೂ ದೂರಿಲ್ಲ. ಆದರೆ .22ರ ಗುಂಡು ನಳಿಗೆ ಬಿಡುವಾಗ ಅದರ ಶಕ್ತಿ ಸುಮಾರು 150 ಜೂಲ್, .308ರದ್ದು ಸುಮಾರು 3,500 ಜೂಲ್. ಗುಂಡು ಮುಂದೆ ಹೋಗುವ ರಭಸಕ್ಕೆ ತಕ್ಕ ಹಾಗೆ ರೈಫಲ್ ಹಿಂದಕ್ಕೆ ಒದೆಯುತ್ತದೆ. .22ರಲ್ಲಿ ಒದೆ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. .308 ಹೆಗಲಿಗೆ ಬಡಿಯುತ್ತದೆ, ಕಿವಿಗೂ ಬಡಿಯುತ್ತದೆ. ಹೊಸಬರ ಮೈ ಇದನ್ನು ಎರಡೇ ಈಡಿನಲ್ಲಿ ಕಲಿತುಬಿಡುತ್ತದೆ. ಮೂರನೆಯದಕ್ಕೆ ಟ್ರಿಗರ್ ಒತ್ತುವ ಮುಂಚೆಯೇ ಕಣ್ಣು ಮುಚ್ಚುತ್ತದೆ, ಹೆಗಲು ಮುಂದಕ್ಕೆ ನುಗ್ಗುತ್ತದೆ. ಇದು ಹೆದರಿಕೆಯ ಮಾತಲ್ಲ, ಗಟ್ಟಿ ಮನಸ್ಸಿನವರಿಗೂ ಆಗುತ್ತದೆ. ಒಮ್ಮೆ ಈ ಅಭ್ಯಾಸ ಮೈಗೆ ಹತ್ತಿದರೆ ಬಿಡಿಸಲು ತಿಂಗಳುಗಟ್ಟಲೆ ಬೇಕು.

ನಾನು ಹೇಳಿಕೊಟ್ಟ ಒಬ್ಬರ ವಿಷಯ ಹೇಳುತ್ತೇನೆ. ಒಳ್ಳೆ ಮೈಕಟ್ಟಿನ ಮನುಷ್ಯ, ಮೊದಲ ರೈಫಲ್ಲೇ ದೊಡ್ಡದು ಕೊಂಡಿದ್ದರು. ಈಡುಗಳೆಲ್ಲ ಗುರಿಯಿಂದ ಕೆಳಗೆ, ಎಡಕ್ಕೆ ಬೀಳುತ್ತಿದ್ದವು. ಸ್ಕೋಪ್ ಕೆಟ್ಟಿದೆ ಅಂತ ಅವರ ತೀರ್ಮಾನ, ಎರಡು ಸಲ ಬಿಚ್ಚಿ ಕೂರಿಸಿದ್ದರು. ನಾನು ಅವರ ಮ್ಯಾಗಝೀನ್ (ರೈಫಲ್‌ಗೆ ಸಿಕ್ಕಿಸುವ ತೋಟಾ ಡಬ್ಬಿ) ಈಸಿಕೊಂಡು, ಅವರಿಗೆ ಕಾಣದ ಹಾಗೆ ತೋಟಾಗಳ ನಡುವೆ ಮದ್ದಿಲ್ಲದ ಒಂದು ಡಮ್ಮಿ ತೋಟಾ ಸೇರಿಸಿ ಕೊಟ್ಟೆ. ಮೊದಲ ಎರಡು ಈಡು ಹಾರಿದವು. ಮೂರನೆಯದಕ್ಕೆ ಬರೀ "ಟಿಕ್" ಅಂತ ಸದ್ದು. ಗುಂಡು ಹಾರಲೇ ಇಲ್ಲ, ಆದರೂ ನಳಿಗೆಯ ತುದಿ ನಾಲ್ಕು ಬೆರಳಷ್ಟು ಕೆಳಗೆ ಕುಸಿಯಿತು. ಅವರೇ ನೋಡಿದರು. ಒಂದು ನಿಮಿಷ ಮಾತಿಲ್ಲ. ಆಮೇಲೆ ಆ ರೈಫಲ್ ಬದಿಗಿಟ್ಟು ಮೂರು ತಿಂಗಳು ನನ್ನ .22ರಲ್ಲೇ ಹೊಡೆದರು. ಈಗ ಅದೇ ದೊಡ್ಡ ರೈಫಲ್‌ನಲ್ಲಿ ಚೆನ್ನಾಗಿ ಹೊಡೆಯುತ್ತಾರೆ. ನೀವು ಆ ಮೂರು ತಿಂಗಳನ್ನು ಮೊದಲೇ ಮುಗಿಸಿಕೊಳ್ಳಿ ಅಂತಷ್ಟೇ ನಾನು ಹೇಳುತ್ತಿರುವುದು.

.22 ಅಂದ್ರೆ ಮಕ್ಕಳಾಟ ಅನ್ನುವವರು ಸಿಗುತ್ತಾರೆ. .22 ಲಾಂಗ್ ರೈಫಲ್ 1887ರಿಂದ ಇದೆ, ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆ ಇವತ್ತಿಗೂ ನಡೆಯುವುದು ಇದೇ ತೋಟಾದಲ್ಲಿ. ಅಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್, ಅಂದ್ರೆ ನಿಮ್ಮ ಕಿರುಬೆರಳಿನ ಉಗುರಿನಷ್ಟು. 50 ಮೀಟರ್ ದೂರದಿಂದ, ಮಂಡಿಯೂರಿ, ಮಲಗಿ, ನಿಂತು, ಮೂರೂ ಬಗೆಯಲ್ಲಿ ಹೊಡೆಯಬೇಕು. ಆ ಮಟ್ಟಕ್ಕೆ ಹೋದವರೂ ಇದನ್ನೇ ಹಿಡಿದಿರುವಾಗ ನಮಗೆ ಸಣ್ಣದಾಯಿತು ಅನ್ನಲು ಆಗುತ್ತಾ? ಆಟಿಕೆಯೂ ಅಲ್ಲ. ಈ ಪುಟ್ಟ ಗುಂಡು ಒಂದೂವರೆ ಕಿಲೋಮೀಟರ್‌ವರೆಗೂ ಹೋಗಬಲ್ಲದು. ಕಲ್ಲು, ನೀರು, ಗಟ್ಟಿ ನೆಲಕ್ಕೆ ತಾಗಿದರೆ ಪುಟಿದು ಎತ್ತಲೋ ಹಾರುತ್ತದೆ. ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ .22 ಕೂಡ ಹೊಡೆಯಬಾರದು.

ಇನ್ನು ಬೋಲ್ಟ್ ಆಕ್ಷನ್ ಯಾಕೆ? ಪ್ರತಿ ಈಡಿಗೂ ನೀವೇ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಚಿಲಕದಂಥ ಭಾಗ) ಎತ್ತಿ, ಹಿಂದಕ್ಕೆ ಎಳೆದು, ಮುಂದಕ್ಕೆ ತಳ್ಳಬೇಕು. ಆ ಎರಡು ಸೆಕೆಂಡಿನಲ್ಲಿ ಹಿಂದಿನ ಈಡು ಯಾಕೆ ಹಾಗೆ ಬಿತ್ತು ಅಂತ ತಲೆ ಯೋಚಿಸುತ್ತದೆ. ಸೆಮಿ ಆಟೋಮ್ಯಾಟಿಕ್ ತಾನೇ ತುಂಬಿಕೊಳ್ಳುತ್ತದೆ, ಬೆರಳು ಒತ್ತುತ್ತಲೇ ಹೋಗುತ್ತದೆ, ತೋಟಾ ಡಬ್ಬಿ ಖಾಲಿಯಾಗುತ್ತದೆ, ಕಲಿಕೆ ಮಾತ್ರ ಆಗಿರುವುದಿಲ್ಲ. ಇನ್ನೊಂದು ದೊಡ್ಡ ಅನುಕೂಲ ಅಂದ್ರೆ ಬೋಲ್ಟ್ ತೆರೆದಿಟ್ಟರೆ ರೈಫಲ್ ಈಗ ಹಾರುವುದಿಲ್ಲ ಅಂತ ಅಕ್ಕಪಕ್ಕದವರಿಗೂ ದೂರದಿಂದಲೇ ಕಾಣುತ್ತದೆ. ಬಿಡಿಸಿ ಬೇರೆ ಕಡೆ ಬೀಗ ಹಾಕಿಡಲೂಬಹುದು, ಬೋಲ್ಟ್ ಇಲ್ಲದ ರೈಫಲ್ ಬರೀ ಕಬ್ಬಿಣದ ಕೊಳವೆ. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ನೆಮ್ಮದಿ ಬೇರೆ ಇಲ್ಲ. ಸಿಝಡ್ 457, ಸ್ಯಾವೇಜ್ ಮಾರ್ಕ್ 2 ಈ ಸಾಲಿನವು. ಸೆಮಿ ಆಟೋಮ್ಯಾಟಿಕ್ ಬೇಕೇ ಬೇಕು ಅಂದ್ರೆ 1964ರಿಂದ ಬರುತ್ತಿರುವ ರೂಗರ್ 10/22 ಇದೆ, ಗಟ್ಟಿಮುಟ್ಟು, ಆದರೆ ಅದನ್ನು ಎರಡನೆಯದಾಗಿ ತಗೊಳ್ಳಿ.

ಯಾವ ಕಂಪನಿ ಅನ್ನುವುದಕ್ಕಿಂತ ನಿಮ್ಮ ಮೈಗೆ ಹೊಂದುತ್ತಾ ಅನ್ನುವುದು ಮುಖ್ಯ. ನನ್ನ ಮೊದಲ ರೈಫಲ್ ನನ್ನ ತೋಳಿಗೆ ಉದ್ದವಾಗಿತ್ತು. ಕೊಡುವಾಗ ಯಾರೂ ಹೇಳಲಿಲ್ಲ, ನನಗೆ ಕೇಳಲು ಗೊತ್ತಿರಲಿಲ್ಲ. ಒಂದು ವರ್ಷ ಕತ್ತು ಚಾಚಿಕೊಂಡೇ ಹೊಡೆದೆ, ಕತ್ತು ನೋವು ಬಂತೇ ಹೊರತು ಗುರಿ ಬರಲಿಲ್ಲ. ನೀವು ಅಂಗಡಿಯಲ್ಲಿ ಹೀಗೆ ಮಾಡಿ. ರೈಫಲ್ ಖಾಲಿ ಇದೆ ಅಂತ ಮೊದಲು ನೋಡಿಕೊಳ್ಳಿ, ಜನರಿಲ್ಲದ ಕಡೆಗೆ ತಿರುಗಿ. ಕಣ್ಣು ಮುಚ್ಚಿ ಹೆಗಲಿಗೆ ತಂದುಕೊಳ್ಳಿ, ಕೆನ್ನೆ ರೈಫಲ್‌ನ ಹಿಂಬದಿಯ ಮರದ ಮೇಲೆ ತಾನಾಗಿ ಎಲ್ಲಿ ಕೂರುತ್ತದೋ ಅಲ್ಲೇ ಇಟ್ಟು ಕಣ್ಣು ತೆರೆಯಿರಿ. ತಲೆ ಅಲುಗಾಡಿಸದೆ ಸ್ಕೋಪ್ ಪೂರ್ತಿ ತುಂಬಿ ಕಂಡರೆ ಸರಿ. ಕತ್ತು ಎತ್ತಬೇಕಾದರೆ, ಮುಂದೆ ಚಾಚಬೇಕಾದರೆ, ಅದು ನಿಮ್ಮದಲ್ಲ. ಸಾಮಾನ್ಯವಾಗಿ ಹಿಂತುದಿಯಿಂದ ಟ್ರಿಗರ್‌ವರೆಗೆ 33ರಿಂದ 35 ಸೆಂಟಿಮೀಟರ್ ಇರುತ್ತದೆ. ಹೆಂಡತಿ, ದೊಡ್ಡ ಮಗು ಸಹ ಹೊಡೆಯುವ ಹಾಗಿದ್ದರೆ ಈ ಉದ್ದವನ್ನು ಹೆಚ್ಚು ಕಡಿಮೆ ಮಾಡಲು ಬರುವ ಸ್ಟಾಕ್ (ಹೆಗಲಿಗೆ ಆನಿಸುವ ಹಿಂಬದಿ) ಇರುವುದನ್ನೇ ನೋಡಿ.

ನಿಮ್ಮ ಯಾವ ಕಣ್ಣು ಬಲವಾದದ್ದು ಅಂತಲೂ ಕೊಳ್ಳುವ ಮೊದಲೇ ತಿಳಿದುಕೊಳ್ಳಿ. ಎರಡೂ ಕೈ ಮುಂದೆ ಚಾಚಿ, ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಒಂದು ವಸ್ತುವನ್ನು ಅದರಲ್ಲಿ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದೇ ನಿಮ್ಮ ಬಲವಾದ ಕಣ್ಣು. ಬಲಗೈಯವರಿಗೂ ಕೆಲವರಿಗೆ ಎಡಗಣ್ಣು ಬಲವಾಗಿರುತ್ತದೆ. ಅಂಥವರು ಎಡ ಹೆಗಲಿನಿಂದ ಹೊಡೆಯಲು ಕಲಿತರೆ ಮುಂದಕ್ಕೆ ಸುಲಭ, ಆಗ ಬೋಲ್ಟ್ ಎಡಗಡೆ ಇರುವ ರೈಫಲ್ ಬೇಕಾಗುತ್ತದೆ.

ಸ್ಕೋಪ್ ವಿಷಯದಲ್ಲಿ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ರೈಫಲ್ ಜೊತೆ ಕಬ್ಬಿಣದ ಸೈಟ್ (ನಳಿಗೆ ಮೇಲೆ ಗುರಿ ನೋಡಲು ಇರುವ ಗುರುತು) ಬಂದಿದ್ದರೆ ಮೊದಲ ಒಂದು ತಿಂಗಳು ಅದರಲ್ಲೇ ಹೊಡೆಯಿರಿ. ಆಮೇಲೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ ಸಾಧಾರಣ ಸ್ಕೋಪ್ 100 ಮೀಟರ್‌ವರೆಗೆ ಧಾರಾಳ ಸಾಕು. .22ಗೆ ಅಂತಲೇ ಮಾಡಿದ್ದನ್ನು ಕೇಳಿ, ಅವು ಹತ್ತಿರದ ದೂರಕ್ಕೆ ಹೊಂದಿಸಿರುತ್ತವೆ. 50 ಮೀಟರ್‌ಗೆ ಗುರಿ ಕೂರಿಸಿದ .22, 100 ಮೀಟರ್‌ನಲ್ಲಿ 15ರಿಂದ 20 ಸೆಂಟಿಮೀಟರ್ ಕೆಳಗೆ ಬೀಳುತ್ತದೆ, ಹೆಚ್ಚು ಕಡಿಮೆ ಒಂದು ಗೇಣು. ಅದು ರೈಫಲ್‌ನ ದೋಷವಲ್ಲ, ಗುಂಡಿನ ಹಾದಿಯೇ ಹಾಗೆ.

ತೋಟಾ ಮಾತ್ರ ಒಂದೇ ಬಗೆಯದನ್ನು ರಾಶಿ ತಂದಿಡಬೇಡಿ. ಪ್ರತಿ .22 ನಳಿಗೆಗೂ ಅದರದ್ದೇ ಇಷ್ಟಾನಿಷ್ಟ ಇರುತ್ತದೆ. ನಂಬಲು ಕಷ್ಟ, ಆದರೆ ಅಕ್ಕಪಕ್ಕ ತಯಾರಾದ ಎರಡು ರೈಫಲ್‌ಗಳೂ ಬೇರೆ ಬೇರೆ ತೋಟಾ ಬಯಸುತ್ತವೆ. ಐದಾರು ಬಗೆಯವನ್ನು ಒಂದೊಂದು ಡಬ್ಬಿ ತನ್ನಿ, ಪ್ರತಿಯೊಂದರಲ್ಲೂ ಐದೈದು ಈಡಿನ ಗುಂಪು ನಾಲ್ಕು ಸಲ ಹೊಡೆದು, ತೂತುಗಳು ಎಷ್ಟು ಅಗಲಕ್ಕೆ ಹರಡಿವೆ ಅಂತ ಕಾಗದದ ಮೇಲೆ ಅಳೆಯಿರಿ. ಮೂರು ಈಡಿನ ಗುಂಪನ್ನು ನಂಬಬೇಡಿ, ಅದು ಅದೃಷ್ಟದಿಂದಲೂ ಚಿಕ್ಕದಾಗಿ ಬರುತ್ತದೆ. ಇನ್ನೊಂದು ವಿಷಯ, ಹೆಚ್ಚು ವೇಗದ ತೋಟಾ ಅಂದ್ರೆ ಹೆಚ್ಚು ಒಳ್ಳೆಯದು ಅಂತಲ್ಲ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದಕ್ಕಿಂತ ವೇಗವಾಗಿ ಹೊರಟ ಗುಂಡು ದಾರಿಯಲ್ಲಿ ನಿಧಾನವಾಗುತ್ತಾ ಆ ಗಡಿ ದಾಟುವಾಗ ಕೊಂಚ ತೊನೆದಾಡುತ್ತದೆ. ಅದಕ್ಕೇ ಸ್ಪರ್ಧೆಯವರು ಮೊದಲಿಂದಲೂ ಆ ಗಡಿಯ ಕೆಳಗೇ ಹೋಗುವ ತೋಟಾ ಬಳಸುತ್ತಾರೆ. ನಿಮ್ಮ ಕೈಯಲ್ಲಿರುವ ಹಣದಲ್ಲಿ ಅರ್ಧ ರೈಫಲ್‌ಗೆ, ಅರ್ಧ ತೋಟಾ ಮತ್ತು ಕಲಿಕೆಗೆ ಅಂತ ಎತ್ತಿಡಿ. ದುಬಾರಿ ರೈಫಲ್ ಕೊಂಡು ತೋಟಾಕ್ಕೆ ಕಾಸಿಲ್ಲದೆ ಕೂತವರನ್ನು ತುಂಬಾ ನೋಡಿದ್ದೇನೆ.

ಈಗ ಮನೆಯ ರಕ್ಷಣೆ. ಸುಮ್ನೆ ಒಮ್ಮೆ ನಿಮ್ಮ ಮನೆಯನ್ನೇ ಮನಸ್ಸಿಗೆ ತಂದುಕೊಳ್ಳಿ. ರಾತ್ರಿ ಎರಡು ಗಂಟೆ, ಏನೋ ಸದ್ದಾಯಿತು. ನಿದ್ದೆಗಣ್ಣು, ಎದೆ ಬಡಿತ ಕಿವಿಗೇ ಕೇಳುತ್ತಿದೆ, ದೀಪ ಇಲ್ಲ. ಹಜಾರದಲ್ಲಿ ಒಂದು ನೆರಳು. ಅದು ನೀರು ಕುಡಿಯಲು ಎದ್ದ ನಿಮ್ಮ 12 ವರ್ಷದ ಮಗುವೂ ಇರಬಹುದು. ಈ ಒಂದು ಕಾರಣಕ್ಕೇ ನಾನು ಮೊದಲು ಟಾರ್ಚ್ ಕೊಳ್ಳಿ ಅನ್ನುತ್ತೇನೆ, ಕೈಯಲ್ಲಿ ಹಿಡಿಯುವ ಒಳ್ಳೆ ಬೆಳಕಿನದು, ಹಾಸಿಗೆ ಪಕ್ಕ ಇಡಿ. ರೈಫಲ್‌ಗೆ ಕಟ್ಟಿದ ಟಾರ್ಚ್‌ನಿಂದ ಯಾರು ಅಂತ ಹುಡುಕಿದರೆ ನಳಿಗೆಯೂ ಅವರ ಕಡೆಗೇ ತಿರುಗಿರುತ್ತದೆ, ಅಲ್ವಾ?

ಗೋಡೆಯನ್ನೂ ಮರೆಯಬೇಡಿ. ತೆಳು ಹಲಗೆಯ, ಜಿಪ್ಸಮ್ ಬೋರ್ಡಿನ ಗೋಡೆಗಳನ್ನು .308 ಗುಂಡು ಒಂದರ ಹಿಂದೊಂದು ಹಾದು ಪಕ್ಕದ ಮನೆಗೂ ಹೋಗಬಲ್ಲದು. ಪಿಸ್ತೂಲಿನ ಗುಂಡೂ ಹಾಯುತ್ತದೆ, .22 ಕೂಡ ಹಾಯುತ್ತದೆ. .223ರಂಥ ಹಗುರ, ವೇಗದ ಗುಂಡು ಏನಾದರೂ ತಾಗಿದ ಕೂಡಲೇ ಮಗುಚಿ ಒಡೆಯುವುದರಿಂದ ಭಾರದ ಗುಂಡಿಗಿಂತ ಬೇಗ ಶಕ್ತಿ ಕಳೆದುಕೊಳ್ಳುವುದುಂಟು. ಆದರೆ ಮನುಷ್ಯನನ್ನು ತಡೆಯುವಷ್ಟು ಬಲ ಇದ್ದು, ತೆಳು ಗೋಡೆಗೆ ಮಾತ್ರ ಖಂಡಿತ ನಿಂತುಬಿಡುವ ಗುಂಡು ಇದುವರೆಗೆ ಯಾರೂ ಮಾಡಿಲ್ಲ. ಆ ಗೋಡೆಯ ಆಚೆ ಮಲಗಿರುವುದು ಯಾರು ಅಂತ ನಿಮಗೇ ಗೊತ್ತು.

ಹಾಗಾಗಿ ನನ್ನ ಸಲಹೆಯ ಕ್ರಮ ಬೇರೆ. ಗಟ್ಟಿ ಬಾಗಿಲು, ಚೌಕಟ್ಟಿಗೆ ಉದ್ದ ಸ್ಕ್ರೂ ಹಾಕಿ ಕೂರಿಸಿದ ಬೀಗ, ಹೊರಗೆ ಯಾರಾದರೂ ಓಡಾಡಿದರೆ ತಾನೇ ಹತ್ತುವ ದೀಪ. ಇವು ದಿನಾ, ನೀವು ನಿದ್ದೆ ಮಾಡುವಾಗಲೂ ಕೆಲಸ ಮಾಡುತ್ತವೆ. ಆಮೇಲೆ ಮನೆಯವರೆಲ್ಲ ಕೂತು ಒಂದು ಮಾತು ಮಾಡಿಕೊಳ್ಳಿ. ಏನಾದರೂ ಆದರೆ ಎಲ್ಲರೂ ಯಾವ ಕೋಣೆಗೆ ಬರಬೇಕು, ಚಿಕ್ಕವನನ್ನು ಯಾರು ಎತ್ತಿಕೊಳ್ಳಬೇಕು, ಪೊಲೀಸರಿಗೆ ಫೋನ್ ಯಾರು ಮಾಡಬೇಕು. ಆ ಕೋಣೆಯ ಬಾಗಿಲು ಒಳಗಿನಿಂದ ಭದ್ರವಾಗಿರಲಿ. ಒಂದು ಸಲ ಕತ್ತಲಲ್ಲಿ ನಡೆದು ನೋಡಿ, ಎಷ್ಟು ಸೆಕೆಂಡ್ ಹಿಡಿಯುತ್ತದೆ ಅಂತ ಎಣಿಸಿ. ಕೈಯಲ್ಲಿ ಏನೇ ಇರಲಿ, ಮನೆಯೊಳಗೆ ಹುಡುಕಿಕೊಂಡು ಹೋಗುವ ಕೆಲಸ ಮಾತ್ರ ಬೇಡ. ತರಬೇತಿ ಪಡೆದವರೂ ಒಬ್ಬರೇ ಮಾಡಲು ಹಿಂಜರಿಯುವ ಕೆಲಸ ಅದು.

ಒಂದು ವರ್ಷ .22ರಲ್ಲಿ ಹೊಡೆದು, ಇದೆಲ್ಲ ಮಾಡಿ, ಆಮೇಲೂ ಮನೆಗೆ ಒಂದು ಬೇಕು ಅನಿಸಿದರೆ, ನಿಮ್ಮ ಕಡೆಯ ಕಾನೂನು ಅದಕ್ಕೆ ಒಪ್ಪಿದರೆ, ಆಗ .223 ಅಥವಾ 9 ಎಂಎಂನ ಹಗುರ ಕಾರ್ಬೈನ್ (ಗಿಡ್ಡ ನಳಿಗೆಯ ರೈಫಲ್) ನೋಡಬಹುದು. ಕಾನೂನನ್ನು ನೀವೇ ಓದಿ, ಲೈಸೆನ್ಸ್ ವಿಷಯ ಅಷ್ಟೇ ಅಲ್ಲ, ಆತ್ಮರಕ್ಷಣೆ ಅಂತ ಎಲ್ಲಿಯವರೆಗೆ ಒಪ್ಪುತ್ತಾರೆ ಅನ್ನುವುದನ್ನೂ. ಆ ಕಾರ್ಬೈನ್‌ನಲ್ಲಿ ಒಂದು ಸಂಗತಿ ಹೊಸಬರಿಗೆ ಗೊತ್ತಿರುವುದಿಲ್ಲ. ಎಆರ್ ಮಾದರಿಯಲ್ಲಿ (ಅಮೆರಿಕದ ಎಆರ್-15 ಥರದ ರೈಫಲ್) ಸೈಟ್ ನಳಿಗೆಗಿಂತ ಸುಮಾರು ಆರೂವರೆ ಸೆಂಟಿಮೀಟರ್ ಮೇಲಿರುತ್ತದೆ. 50 ಮೀಟರ್‌ಗೆ ಸರಿಯಾಗಿ ಕೂರಿಸಿದ್ದರೂ, ಕೋಣೆಯಷ್ಟು ದೂರದಲ್ಲಿ ನೀವು ನೋಡಿದ ಜಾಗಕ್ಕಿಂತ ಹೆಚ್ಚು ಕಡಿಮೆ ಅಷ್ಟೇ ಕೆಳಗೆ ಬೀಳುತ್ತದೆ. ಇಂಥವನ್ನು ರೇಂಜ್‌ನಲ್ಲಿ ಹೊಡೆದೇ ತಿಳಿಯಬೇಕು. .223 ಅಂತ ಬರೆದ ನಳಿಗೆಗೆ 5.56 ಎಂಎಂ (ಸೇನೆಯ ಅಳತೆಯ) ತೋಟಾ ಹಾಕಬೇಡಿ, ನೋಡಲು ಒಂದೇ ಥರ ಇದ್ದರೂ ಒತ್ತಡ ಜಾಸ್ತಿ. 5.56ರ ನಳಿಗೆಯಲ್ಲಿ .223 ಹೊಡೆಯಬಹುದು.

ಕಿವಿಯ ಬಗ್ಗೆ ಎರಡು ಮಾತು. 140 ಡೆಸಿಬೆಲ್ ದಾಟಿದ ಒಂದೇ ಸದ್ದು ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. .22 ರೈಫಲ್ ಆ ಗಡಿಯ ಹತ್ತಿರ, ದೊಡ್ಡವು 155-165ರವರೆಗೆ. ರೇಂಜ್‌ನಲ್ಲಿ ಕಿವಿಗೆ ಮುಚ್ಚಳ ಇಲ್ಲದೆ ಒಂದು ಈಡೂ ಬೇಡ, ಪಕ್ಕದಲ್ಲಿ ನಿಂತ ಮಕ್ಕಳಿಗೂ ಹಾಕಿಸಿ. ಕನ್ನಡಕವೂ ಬೇಕು.

ರೈಫಲ್ ಖಾಲಿ ಇದೆಯಾ ಅಂತ ನೋಡುವ ಕ್ರಮ ಈಗಲೇ ಕಲಿಯಿರಿ. ಬೆರಳು ಟ್ರಿಗರ್‌ನಿಂದ ಹೊರಗೆ, ನಳಿಗೆ ಯಾರಿಲ್ಲದ ಕಡೆ. ಮೊದಲು ಮ್ಯಾಗಝೀನ್ ತೆಗೆಯಿರಿ, ಆಮೇಲೆ ಬೋಲ್ಟ್ ಎಳೆಯಿರಿ. ಹಿಂದುಮುಂದಾದರೆ ಒಂದು ತೋಟಾ ಹೊರಗೆ ಬೀಳುತ್ತದೆ, ಬೋಲ್ಟ್ ಮುಚ್ಚುವಾಗ ಇನ್ನೊಂದು ಒಳಗೆ ಹೋಗಿ ಕೂರುತ್ತದೆ, ನೀವು ಖಾಲಿ ಅಂದುಕೊಂಡಿರುತ್ತೀರಿ. ಬೋಲ್ಟ್ ತೆರೆದ ಮೇಲೆ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ಮುಟ್ಟಿ. ಇನ್ನೊಬ್ಬರು ನೋಡಿ ಕೊಟ್ಟರೂ ನೀವು ಮತ್ತೆ ನೋಡಿ, ಅದರಲ್ಲಿ ಯಾರಿಗೂ ಅವಮಾನ ಇಲ್ಲ.

ಮನೆಯಲ್ಲಿ ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆಯಲ್ಲಿ ರೈಫಲ್, ತೋಟಾ ಬೇರೆ ಬೀಗದಲ್ಲಿ. ಕಪಾಟಿನ ಮೇಲೆ, ಹಾಸಿಗೆ ಕೆಳಗೆ, "ಅವನಿಗೆ ಗೊತ್ತಾಗಲ್ಲ" ಅನ್ನುವ ಜಾಗ ಯಾವುದೂ ಲೆಕ್ಕಕ್ಕಿಲ್ಲ. ಮಕ್ಕಳಿಗೆ ಎಲ್ಲಾ ಗೊತ್ತಿರುತ್ತದೆ. ಬಟ್ಟೆಯ ಚೀಲದಲ್ಲಿ ಇಡಬೇಡಿ, ತೇವ ಹಿಡಿದು ತುಕ್ಕು ಬರುತ್ತದೆ. ಕೀಲಿ ದೊಡ್ಡವರ ಮೈಮೇಲೇ ಇರಲಿ. ಇನ್ನೊಂದು ಮಾತು ಹೇಳಲೇಬೇಕು. ಮನೆಯಲ್ಲಿ ಬಂದೂಕು ಇದ್ದರೆ ಆತ್ಮಹತ್ಯೆಯ ಅಪಾಯ ಹೆಚ್ಚುತ್ತದೆ ಅನ್ನುವುದು ಹಲವು ಅಧ್ಯಯನಗಳಲ್ಲಿ ಕಂಡಿರುವ ಸತ್ಯ. ಮನೆಯಲ್ಲಿ ಯಾರಾದರೂ, ನೀವೂ ಸೇರಿ, ಮನಸ್ಸು ಕುಗ್ಗಿದ ಕಾಲದಲ್ಲಿ ಇದ್ದರೆ ರೈಫಲ್ ಆ ಮನೆಯಿಂದ ಹೊರಗೆ ಹೋಗಲಿ. ಕ್ಲಬ್‌ನಲ್ಲೋ, ಕಾನೂನು ಒಪ್ಪುವ ಬೇರೆ ಕಡೆಯೋ ಇಡಿಸಿ. ಆಮೇಲೆ ವಾಪಸ್ ತರಬಹುದು.

ಕೊನೆಗೆ ನಿಮ್ಮ ಚಿಕ್ಕವನ ಪ್ರಶ್ನೆ. ಅವನನ್ನು ಗದರಿಸಿ ಕಳಿಸಬೇಡಿ, ಗದರಿಸಿದರೆ ನೀವಿಲ್ಲದಾಗ ಹುಡುಕುತ್ತಾನೆ. "ಮುಟ್ಟಬಹುದು, ನನ್ನ ಜೊತೆ, ನಾನು ತೆಗೆದು ಕೊಟ್ಟಾಗ ಮಾತ್ರ" ಅನ್ನಿ. ಕೇಳಿದಾಗ ತೆಗೆದು, ಖಾಲಿ ಇದೆ ಅಂತ ಅವನ ಕಣ್ಣೆದುರೇ ನೋಡಿ, ಬೋಲ್ಟ್ ತೆಗೆದಿಟ್ಟು ಕೈಗೆ ಕೊಡಿ. ಐದು ನಿಮಿಷದಲ್ಲಿ ಕುತೂಹಲ ಇಳಿಯುತ್ತದೆ. ಜೊತೆಗೆ ಬೇರೆ ಮನೆಯಲ್ಲಿ, ಗೆಳೆಯರ ಹತ್ತಿರ ಬಂದೂಕು ಕಂಡರೆ ಏನು ಮಾಡಬೇಕು ಅಂತ ಬಾಯಿಪಾಠ ಮಾಡಿಸಿ: ನಿಲ್ಲು, ಮುಟ್ಟಬೇಡ, ಅಲ್ಲಿಂದ ಹೊರಡು, ದೊಡ್ಡವರಿಗೆ ಹೇಳು. ಆಗಾಗ ಊಟಕ್ಕೆ ಕೂತಾಗ ಕೇಳಿ ನೋಡಿ. ಅವನು ಚೆನ್ನಾಗಿ ಒಪ್ಪಿಸಿದ ದಿನವೂ ಪೆಟ್ಟಿಗೆಗೆ ಬೀಗ ಹಾಕಿಯೇ ಮಲಗಿ.